ಅಂಗಳದ ನಲ್ಲಿ

ನಮ್ಮ ಮನೆಯ ಮುಂದಿನ ಗೋಡೆಗೆ, ಅಡಿಗೆಮನೆಯ ಕಿಟಕಿಯ ಕೆಳಗೆ, ಒಂದು ನಲ್ಲಿ ಇದೆ. ಹುಲ್ಲಿಗೆ ನೀರು ಬಿಡುವ ಪೈಪು ಸಿಕ್ಕಿಸಲು ಇಲ್ಲಿ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯಬಾರದೆಂದು ನಮ್ಮವರು ಅದಕ್ಕೆ ಹಳೆಯ ಟವೆಲ್ಲೊಂದನ್ನು ಸುತ್ತಿ ಹಗ್ಗ ಕಟ್ಟುತ್ತಿದ್ದರು. ಈ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ಗಂಟು ಸರಿಯಾಗಿ ಬೀಳಲಿಲ್ಲ. ಮರುದಿನ ಟವೆಲ್ ಗಾಳಿಗೆ ಬಿಚ್ಚಿಕೊಂಡು ಹುಲ್ಲಿನ ಮೇಲೆ ಬಿದ್ದಿತ್ತು.

ಮಗಳು ಆಸ್ಟಿನ್‌ನಿಂದ ಫೋನ್ ಮಾಡಿದಾಗಲೆಲ್ಲ ಅಪ್ಪನ ಬಗ್ಗೆ ಏನಾದರೂ ಬರೆದಿಡು ಎನ್ನುತ್ತಾಳೆ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ನೀನು ಬರೆ, ನೀನೇ ಓದಿ ಹೇಳು ಎನ್ನುತ್ತಾಳೆ. ನಾನು ಬೈಲಹೊಂಗಲದಲ್ಲಿ ಮೆಟ್ರಿಕ್ ತನಕ ಓದಿದವಳು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಬಿದ್ದ ಟವೆಲ್ ಎತ್ತಿ ಮತ್ತೆ ಕಟ್ಟುವಾಗ, ಈ ನಲ್ಲಿಯಿಂದಲೇ ಶುರು ಮಾಡಬಹುದು ಅನ್ನಿಸಿತು.

ನಾವು ಈ ದೇಶಕ್ಕೆ ಬಂದಾಗ ಮೊದಲು ಇದ್ದದ್ದು ಹ್ಯೂಸ್ಟನ್ ಹತ್ತಿರದ ಕ್ಲಿಯರ್ ಲೇಕ್‌ನಲ್ಲಿ. ಅಲ್ಲಿನ ಕೆಲಸ ಬೇಗ ಮುಗಿಯಿತು. ಆಮೇಲೆ ನಮ್ಮವರಿಗೆ ರಿಚರ್ಡ್‌ಸನ್‌ನ ಒಂದು ಟೆಲಿಕಾಂ ಕಂಪನಿಯಲ್ಲಿ ಕೆಲಸ ಸಿಕ್ಕಿ ಈ ಮನೆಗೆ ಬಂದೆವು. ಮಗಳು ಆಗ ಹೈಸ್ಕೂಲು. ಬಂದ ಮೊದಲ ವಾರವೇ ಕಸದ ಡಬ್ಬಿಯನ್ನು ಮನೆಯ ಮುಂದೆ ಇಟ್ಟಿದ್ದೆ. ಎದುರುಮನೆಯಿಂದ ಎತ್ತರದ, ದಪ್ಪ ಮೈಯ ಹೆಂಗಸೊಬ್ಬರು ರಸ್ತೆ ದಾಟಿ ಬಂದು, ಡಬ್ಬಿಯನ್ನು ತಾವೇ ಎಳೆದುಕೊಂಡು, ಮನೆಯ ಹಿಂದಿನ ಓಣಿಗೆ ಒಯ್ದು ಇಟ್ಟು, ಕಸದ ಗಾಡಿ ಇಲ್ಲಿಗೇ ಬರುವುದು ಎಂದು ಕೈಸನ್ನೆಯಲ್ಲಿ ತೋರಿಸಿದರು. ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೆ. ಅವರು ತಮ್ಮ ಹೆಸರು ಹೇಳಿದರು. ನನಗಿಂತ ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನನ್ನಿಂದಾಗಲಿಲ್ಲ. ನಾನು ಅಕ್ಕ ಎಂದೆ. ಅವರು ಅದನ್ನೇ ಒಪ್ಪಿಕೊಂಡರು.

ಅಕ್ಕ ಶಾಲೆಯ ಬಸ್ಸು ಓಡಿಸುತ್ತಿದ್ದರು. ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ಅವರು ಮತ್ತು ಒಬ್ಬ ಮಗ. ಆ ಹುಡುಗ ಕಿರಾಣಿ ಅಂಗಡಿಯಲ್ಲಿ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬುವ ಕೆಲಸ ಮಾಡುತ್ತಿದ್ದ. ನಮ್ಮ ಸೋಫಾ ಬಂದ ದಿನ ಒಂದು ಕಡೆ ಅವನು, ಇನ್ನೊಂದು ಕಡೆ ನಮ್ಮವರು ಹಿಡಿದು ಒಳಗೆ ತಂದರು. ಅವನಿಗೆ ತಿನ್ನಲು ಏನು ಕೊಡಲಿ ಎಂದು ತಿಳಿಯದೆ, ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ತಿಂದ. ಇನ್ನೊಂದು ಕೇಳಿದ. ಅಂದಿನಿಂದ ಅವನ ಪಾಲಿಗೆ ಅದು ಖಾರದ ಪೀನಟ್ ಬಟರ್. ನಾನು ಚಟ್ನಿ ಕುಟ್ಟಿದಾಗಲೆಲ್ಲ ಅವನಿಗೊಂದು ಸಣ್ಣ ಬಾಟಲಿ ತೆಗೆದಿಡುವುದು ರೂಢಿಯಾಯಿತು.

ಕೆಲವು ವರ್ಷ ಹೀಗೇ ಹೋಯಿತು. ಟೆಲಿಕಾಂ ಕಂಪನಿಗಳು ಒಂದೊಂದಾಗಿ ಜನರನ್ನು ತೆಗೆದವು, ನಮ್ಮವರ ಕೆಲಸವೂ ಹೋಯಿತು. ಬಳಿಕ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಸಣ್ಣ ಕಂಪನಿಯೊಂದನ್ನು ಸೇರಿದರು. ಗ್ರೀನ್ ಕಾರ್ಡಿನ ಅರ್ಜಿ ಮತ್ತೆ ಮೊದಲಿನಿಂದ ಶುರುವಾಯಿತು. ಮಗಳು ಆಸ್ಟಿನ್‌ನ ಯೂನಿವರ್ಸಿಟಿಗೆ ಹೋದಳು. ಎದುರುಮನೆಯ ಹುಡುಗ, ಕಾಲೇಜಿನ ಫೀಸು ಸೈನ್ಯವೇ ಕೊಡುತ್ತದೆಂದು, ಸೈನ್ಯಕ್ಕೆ ಸೇರಿದ. ಅಷ್ಟರಲ್ಲಿ ಇರಾಕಿನ ಯುದ್ಧ ಬಂತು.

ಶುರುವಿನಲ್ಲಿ ನಮ್ಮ ಬೀದಿಯ ಮನೆಮನೆಯ ಮುಂದೆ ಬಾವುಟ ಇತ್ತು. ಟೀವಿಯಲ್ಲಿ ಯುದ್ಧವನ್ನು ಕ್ರಿಕೆಟ್ ಮ್ಯಾಚಿನಂತೆ ತೋರಿಸುತ್ತಿದ್ದರು. ಅದರ ವಿರುದ್ಧ ಮಾತಾಡುವವರು ಆಸ್ಟಿನ್‌ನಲ್ಲಿದ್ದರು. ಮಗಳೂ ಅವರ ಜೊತೆ ಮೆರವಣಿಗೆ ಹೋಗಿ ಬಂದು ಫೋನ್ ಮಾಡಿ ಹೇಳಿದ್ದಳು. ನಾವಿದ್ದ ಕಡೆ ಅಂಥದ್ದು ಕಾಣುತ್ತಿರಲಿಲ್ಲ. ಒಂದು ಶುಕ್ರವಾರ ನಮ್ಮವರು ಕೆಲಸದಿಂದ ತಡವಾಗಿ ಬಂದರು. ರೈಲು ಇಳಿದು ಬರುವಾಗ ಸಿಗ್ನಲ್ ಬಳಿ ನಾಲ್ಕಾರು ಮುದುಕರು ಮೇಣದ ಬತ್ತಿ, ಫಲಕ ಹಿಡಿದು ನಿಂತಿದ್ದರಂತೆ. ಯಾವುದೋ ಚರ್ಚಿನವರು. ಯುದ್ಧ ನಿಲ್ಲಿಸಿ ಎಂದಷ್ಟೇ ಬರೆದಿತ್ತಂತೆ. ಇವರೂ ಪಕ್ಕದಲ್ಲಿ ಹೋಗಿ ನಿಂತರು.

"ನಿಂತು ಏನ್ ಮಾಡಿದ್ರಿ?" ಎಂದು ಕೇಳಿದೆ.

"ಏನಿಲ್ಲ. ಸುಮ್ಮನ ನಿಂತಿದ್ದೆ."

"ನಮಗಿನ್ನೂ ಗ್ರೀನ್ ಕಾರ್ಡ್ ಬಂದಿಲ್ರಿ. ಯಾರರ ಫೋಟೋ ತಗದ್ರ?"

"ತಗೀಲಿ ಬಿಡು. ಮುಂದಿನ ವಾರ ತಲಿ ಬಾಚಿಕೊಂಡು ಹೋಗ್ತೀನಿ."

ಹಾಗೆಯೇ ಹೋದರು. ಆಮೇಲೆ ಪ್ರತಿ ಶುಕ್ರವಾರವೂ ಹೋದರು. ರಾತ್ರಿ ಊಟಕ್ಕೆ ಕೂತಾಗ ಅವತ್ತು ಕಾರಿನವರು ಏನೇನು ಮಾಡಿದರೆಂದು ಹೇಳುವರು. ಬೈದವರು, ಕೋಲಾದ ಲೋಟ ಎಸೆದವರು, ನಿಮ್ಮ ದೇಶಕ್ಕೆ ಹೋಗಿ ಎಂದವರು. ಹೆಬ್ಬೆರಳೆತ್ತಿ ಹಾರ್ನ್ ಹೊಡೆದವರು ಮೊದಲ ವರ್ಷ ತೀರ ಅಪರೂಪ. ಕನ್ನಡ ಸಂಘದ ಊಟದಲ್ಲಿ ಬೆಂಗಳೂರಿನ ಹಿರಿಯರೊಬ್ಬರು ಇವರನ್ನು ಪಕ್ಕಕ್ಕೆ ಕರೆದರು.

"ಸಾರ್, ನಾವು ಬಾಡಿಗೆಗಿರೋರು. ಓನರ್ ಮನೆ ಜಗಳ ನಮಗ್ಯಾಕೆ?" ಎಂದರು.

"ಟ್ಯಾಕ್ಸ್ ತಗೊಳ್ಳುವಾಗ ಬಾಡಿಗಿ ಮಂದಿ ಅಂತ ಬಿಡಂಗಿಲ್ಲಲ್ರಿ," ಎಂದು ಇವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಆ ಅಂಕಲ್ ನಕ್ಕರು. ಆದರೆ ಮುಂದಿನ ಊಟದಲ್ಲಿ ನಮ್ಮ ಮೇಜಿನ ಕಡೆ ಬರಲಿಲ್ಲ.

ಇವರು ಯಾಕೆ ನಿಲ್ಲುತ್ತಾರೆಂದು ನನಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ. ರಜೆಗೆ ಅವಳನ್ನು ಕರೆತರಲು ಆಸ್ಟಿನ್‌ಗೆ ಹೋಗಿದ್ದೆವು. ಬರುವಾಗ ಕಾರಿನ ರೇಡಿಯೋದಲ್ಲಿ ಸತ್ತ ಸೈನಿಕರ ಸುದ್ದಿ ಬಂತು. ಹಿಂದಿನ ಸೀಟಿನಲ್ಲಿದ್ದ ಮಗಳು ಕಿಟಕಿಯ ಹೊರಗೆ ನೋಡುತ್ತಲೇ, "ದೇ ಸೈನ್ಡ್ ಅಪ್ ಫಾರ್ ಇಟ್, ಅಪ್ಪಾ," ಎಂದಳು. ಅವರಾಗಿಯೇ ಸೇರಿದ್ದು, ಯಾರೂ ಎಳೆದೊಯ್ಯಲಿಲ್ಲ ಎಂದು ಅವಳ ಮಾತಿನ ಅರ್ಥ. ಮುಂದೆ ಪೆಟ್ರೋಲ್ ಬಂಕ್ ಬಂದಾಗ ನಮ್ಮವರು ಕಾರು ಒಳಗೆ ತಿರುಗಿಸಿ, ಎಂಜಿನ್ ಆರಿಸಿ, ಹಿಂದಕ್ಕೆ ತಿರುಗಿ ಕೂತರು.

"ನಿಮ್ಮ ದೊಡ್ಡಪ್ಪನೂ ತಾನಾಗೇ ಸೇರಿದ್ದ," ಎಂದರು.

ಇವರ ಅಣ್ಣ ನಮ್ಮ ದೇಶದ ಸೈನ್ಯದಲ್ಲಿದ್ದರು. ನಮ್ಮ ಕಡೆ ಮನೆಗೊಬ್ಬರು ಹಾಗೆ ಇದ್ದರೆ ಅದೇನೂ ಹೊಸತಲ್ಲ. ಸೈನ್ಯವನ್ನು ಶ್ರೀಲಂಕಾಕ್ಕೆ ಕಳಿಸಿದಾಗ ಅವರೂ ಹೋದರು. ಪೆಟ್ಟಿಗೆಯಲ್ಲಿ ಬಂದರು. ಹೊಲದಲ್ಲಿ ಮಣ್ಣು ಮಾಡಿದರು. ಆಗ ಮಗಳಿನ್ನೂ ಚಿಕ್ಕವಳು, ನಾನು ಅವಳನ್ನು ಮಲಗಿಸುತ್ತ ಒಳಗಿದ್ದೆ, ಮುಂದಿನದು ಅತ್ತೆಯ ಬಾಯಿಂದ ಕೇಳಿದ್ದು. ಮಾತಾಡಿಸಲು ಬಂದವರು ಕಟ್ಟೆಯ ಮೇಲೆ ಕೂತು, ಯಾರದೋ ದೇಶದ ಜಗಳಕ್ಕೆ ಹೋಗಿ ಸುಮ್ಮನೆ ಸತ್ತ ಎಂದರಂತೆ. ಬಾಗಿಲ ಹಿಂದೆ ಕೂತಿದ್ದ ಅತ್ತೆಗೆ ಅದು ಕೇಳಿಸಿತು. ಆಮೇಲೆ ಅವರು ಹಿಟ್ಟಿನ ಗಿರಣಿಗೂ ಹೋಗುವುದನ್ನು ಬಿಟ್ಟರು. ಅಂದಿನಿಂದ ಜೋಳ ಬೀಸಿಸಿಕೊಂಡು ಬರುವುದು ನನ್ನ ಕೆಲಸವಾಯಿತು.

"ಆ ಮಾತು ಖರೇನ ಇತ್ತು," ಎಂದು ಇವರು ಮಗಳಿಗೆ ಹೇಳಿದರು. "ಯುದ್ಧ ಬ್ಯಾಡ ಅನ್ನೂದು ಬ್ಯಾರೆ. ಸತ್ತಾಂವ ಸುಮ್ಮನ ಸತ್ತ ಅನ್ನೂದು ಬ್ಯಾರೆ. ಎರಡನೇದನ್ನ ಅವ್ವನ ಕಿವಿಗೆ ಹಾಕಬಾರದವ್ವ."

ಮನೆ ಹತ್ತಿರ ಬಂದಾಗ ಮಗಳು ಮುಂದಕ್ಕೆ ಬಾಗಿ ಅಪ್ಪನ ಭುಜದ ಮೇಲೆ ಕೈಯಿಟ್ಟಳು.

ಎದುರುಮನೆಯ ಹುಡುಗ ಇರಾಕಿಗೆ ಹೊರಟಾಗ ನಮ್ಮ ಮನೆಗೂ ಬಂದು ಹೇಳಿ ಹೋದ. ಗಾಜು ಒಡೆದೀತೆಂದು ನಾನು ಚಟ್ನಿಪುಡಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೊಟ್ಟೆ. ಅಕ್ಕ ಕಾರಿನ ಹಿಂದೆ ಹಳದಿ ರಿಬ್ಬನ್ನಿನ ಮ್ಯಾಗ್ನೆಟ್ ಅಂಟಿಸಿದರು. ಸೈನ್ಯದಲ್ಲಿ ಮಕ್ಕಳಿದ್ದವರು ಹಾಗೆ ಅಂಟಿಸುತ್ತಾರೆ. ಇವರು ಶುಕ್ರವಾರ ನಿಲ್ಲುವುದು ಅಕ್ಕನಿಗೆ ಗೊತ್ತಿತ್ತು. ಫುಟ್‌ಬಾಲ್ ಆಟಕ್ಕೆ ಮಕ್ಕಳನ್ನು ಒಯ್ಯುವಾಗ ಅವರ ಬಸ್ಸು ಅದೇ ಸಿಗ್ನಲ್ ದಾಟುತ್ತಿತ್ತು. ಒಮ್ಮೆ ಬೀದಿಯಲ್ಲಿ ಸಿಕ್ಕಾಗ ನಮ್ಮವರಿಗೆ, ನಿನ್ನೆ ನಿನ್ನನ್ನು ನೋಡಿ ಹಾರ್ನ್ ಹೊಡೆದೆ, ಯಾವ ಅರ್ಥದಲ್ಲಿ ಎಂದು ಮಾತ್ರ ಕೇಳಬೇಡ ಎಂದರು. ಇಬ್ಬರೂ ನಕ್ಕರು. ಅಲ್ಲಿಯ ತನಕ ನಮ್ಮ ನಡುವೆ ಯಾವ ಕಹಿಯೂ ಇರಲಿಲ್ಲ.

ಅವನ ಸುದ್ದಿ ಬಂದದ್ದು ಒಂದು ಮಧ್ಯಾಹ್ನ. ನಾನು ಅಡಿಗೆಮನೆಯಲ್ಲಿ ರವೆ ಹುರಿಯುತ್ತಿದ್ದೆ. ಎದುರುಮನೆಯ ಮುಂದೆ ಕಾರು ನಿಂತು, ಸೈನ್ಯದ ಉಡುಪಿನ ಇಬ್ಬರು ಇಳಿದು, ಟೋಪಿ ಸರಿಮಾಡಿಕೊಂಡು ಬಾಗಿಲಿಗೆ ಹೋದರು. ಅಕ್ಕ ಬಾಗಿಲು ತೆರೆದರು. ನಿಂತೇ ಇದ್ದರು. ರವೆ ಸೀದ ವಾಸನೆ ಬರುವ ತನಕ ನಾನೂ ನಿಂತೇ ಇದ್ದೆ.

ಅಕ್ಕನ ತವರು ಹ್ಯೂಸ್ಟನ್. ಹುಡುಗನನ್ನು ಅಲ್ಲಿನ ಸೈನಿಕರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಕ್ಕ ತಿರುಗಿ ಬಂದ ಮೇಲೆ ಒಂದು ಸಂಜೆ ನಾವಿಬ್ಬರೂ ಮಾತಾಡಿಸಲು ಹೋದೆವು. ಮನೆ ತುಂಬ ಹೂವು, ಮಡಚಿಟ್ಟ ಬಾವುಟ, ಯಾರ್ಯಾರೋ ತಂದಿಟ್ಟ ಅಡಿಗೆಯ ಟ್ರೇಗಳು. ಅಕ್ಕ ಕುರ್ಚಿಯಲ್ಲಿದ್ದರು. ಇವರು ಅವರ ಎದುರು ನೆಲದ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಬಹಳ ಹೊತ್ತಿನ ಮೇಲೆ ಇವರು ನನ್ನ ಕಡೆ ನೋಡಿದರು, ಇಬ್ಬರೂ ಎದ್ದು ಹೊರಗೆ ಬಂದೆವು.

ನಮ್ಮಲ್ಲಿ ಸತ್ತವರ ಮನೆಯಿಂದ ಬರುವಾಗ ಬರ್ತೀವಿ ಎನ್ನುವುದಿಲ್ಲ. ಇಂಥ ಕೆಲಸಕ್ಕೆ ಈ ಮನೆಗೆ ಮತ್ತೆ ಬರುವಂತಾಗದಿರಲಿ ಎಂದು, ಹೇಳದೆ, ತಿರುಗಿ ನೋಡದೆ ಎದ್ದು ಬರುತ್ತೇವೆ. ಮನೆಗೆ ಬಂದು, ಒಳಗೆ ಕಾಲಿಡುವ ಮೊದಲು ಕೈಕಾಲು ಮುಖ ತೊಳೆಯುತ್ತೇವೆ. ಊರಲ್ಲಾದರೆ ಮನೆಯವರು ತಂಬಿಗೆ ತಂದು ಹೊರಗೆ ಇಡುತ್ತಾರೆ. ಇಲ್ಲಿ ಯಾರಿದ್ದಾರೆ? ಇವರು ನಲ್ಲಿ ತಿರುಗಿಸಿ, ಪ್ಯಾಂಟು ಮೇಲೆ ಮಡಚಿ, ಕಾಲು ತೊಳೆದು, ಮುಖಕ್ಕೆ ನೀರು ಹಾಕಿಕೊಂಡರು. ಆಮೇಲೆ ಬೊಗಸೆಯಲ್ಲಿ ನೀರು ಹಿಡಿದು ನನ್ನ ಕಾಲಿಗೂ ಹಾಕಿದರು. ಒಳಗೆ ಹೋದೆವು.

ನಾನು ಸ್ವೆಟರ್ ಅಲ್ಲೇ ಮರೆತು ಬಂದಿದ್ದೆ. ಮರುದಿನ ಅದು ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಬಾಗಿಲ ಹಿಡಿಕೆಗೆ ನೇತಾಡುತ್ತಿತ್ತು. ಬಾಗಿಲು ಬಡಿದು ಕೊಡಬಹುದಿತ್ತಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಪಾಪ, ಅವರಿಗೆ ಯಾರ ಮುಖ ನೋಡಲೂ ಬೇಡವಾಗಿರಬೇಕು ಎಂದುಕೊಂಡೆ.

ಆದರೆ ಅಂದಿನಿಂದ ಅಕ್ಕ ನಮ್ಮ ಕಡೆ ನೋಡುವುದನ್ನೇ ಬಿಟ್ಟರು. ನಾನು ಕೈಯೆತ್ತಿದರೆ ಕಾರಿನ ಬಾಗಿಲು ಹಾಕಿಕೊಳ್ಳುವರು. ಅನ್ನ ಸಾರು ಒಯ್ದರೆ ಬಾಗಿಲು ತೆರೆಯುತ್ತಿರಲಿಲ್ಲ. ಬೇರೆ ನೆರೆಯವರ ಜೊತೆ ಮಾತಾಡುತ್ತಿದ್ದರು, ಹಾಗಾಗಿ ಇದು ದುಃಖ ಮಾತ್ರವಲ್ಲ ಎಂದು ನನಗೂ ಗೊತ್ತಾಯಿತು. ಇವರು ಮಾತ್ರ ಮೊದಲ ದಿನದಿಂದಲೂ ಒಂದೇ ಕಾರಣ ಹೇಳುತ್ತಿದ್ದರು.

"ನಾ ಶುಕ್ರವಾರ ನಿಂದ್ರೂದು ಆಕೀ ಮನಸ್ಸಿಗೆ ಈಗ ಚುಚ್ಚಿರಬೇಕು. ನಾ ಅವನ ವಿರುದ್ಧ ನಿಂತಿಲ್ಲ ಅಂತ ಆಕೀಗೆ ಒಂದು ಮಾತು ಮುಟ್ಟಿಸಬೇಕು."

"ಹಂಗಾರ ನಿಂದ್ರೂದು ಬಿಡ್ರಿ."

"ಅದನ್ನ ಬಿಟ್ಟ್ರ ಇನ್ನೊಬ್ಬ ಅವ್ವನ ಮಗ ಹೋಗ್ತಾನಲ್ಲ."

ನಿಲ್ಲುವುದನ್ನು ಬಿಡಲಿಲ್ಲ. ಫಲಕ ಹಿಡಿಯುವುದನ್ನು ಬಿಟ್ಟರು. ಅಷ್ಟರಲ್ಲಿ ಅಲ್ಲಿ ಜನ ಹೆಚ್ಚಾಗಿದ್ದರು. ಯೂನಿವರ್ಸಿಟಿಯ ಹುಡುಗರು, ನಮ್ಮ ಕಡೆಯ ಒಬ್ಬಿಬ್ಬರು ವಿದ್ಯಾರ್ಥಿಗಳು, ಹಳೆಯ ಯುದ್ಧಗಳಿಗೆ ಹೋಗಿ ಬಂದ ಮುದುಕರು. ಬೈಗುಳ ಕಡಿಮೆಯಾಗಿ ಹಾರ್ನ್ ಹೆಚ್ಚಾಗಿತ್ತು. ಬೀದಿಯ ಬಾವುಟಗಳ ಬಣ್ಣ ಹೋಗಿತ್ತು, ಹೋದವನ್ನು ಯಾರೂ ಬದಲಿಸಿರಲಿಲ್ಲ. ಸಿಗ್ನಲ್ ಬಳಿ ನಿಂತವರು ಈ ರಾಜ್ಯದಿಂದ ಹೋಗಿ ಸತ್ತ ಸೈನಿಕರ ಹೆಸರುಗಳನ್ನು ಒಬ್ಬೊಬ್ಬರಾಗಿ ಓದುವುದನ್ನು ಶುರು ಮಾಡಿದರು. ಒಂದು ವಾರ ಇವರ ಕೈಗೆ ಬಂದ ಚೀಟಿಯಲ್ಲಿ ಎದುರುಮನೆಯ ಹುಡುಗನ ಹೆಸರಿತ್ತು. ಹೆತ್ತವಳನ್ನು ಕೇಳದೆ ನಾನು ಓದುವುದಿಲ್ಲ ಎಂದರಂತೆ. ಎಲ್ಲರ ಹೆಸರೂ ಪತ್ರಿಕೆಯಲ್ಲಿ ಬಂದದ್ದೇ, ಇದರಲ್ಲಿ ಕೇಳುವುದೇನು ಎಂದು ಒಬ್ಬರು ಸಿಡುಕಿದರಂತೆ. ಇವರು ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ತಮ್ಮ ಸರದಿ ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ನಿಂತರಂತೆ. ಬಟ್ಟೆ ಒಗೆಯುವಾಗ ಆ ಚೀಟಿ ನನಗೆ ಸಿಕ್ಕಿತು. ದೇವರ ಗೂಡಿನಲ್ಲಿ ಇಟ್ಟೆ.

ಆ ಚಳಿಗಾಲ ಇವರಿಗೆ ಎದೆನೋವು ಬಂತು. ಬೆಳಿಗ್ಗೆ ಚಹಾ ಕುಡಿಯುವಾಗ ಕಪ್ಪು ಕೈಯಿಂದ ಜಾರಿತು. ಆಂಬುಲೆನ್ಸ್ ಬಂತು. ಸ್ಟ್ರೆಚರ್ ಹೊರಗೆ ತರುವಾಗ ಎದುರುಮನೆಯ ಬಾಗಿಲಲ್ಲಿ ಅಕ್ಕ ಬರಿಗಾಲಲ್ಲಿ ನಿಂತಿದ್ದು ಕಂಡಿತು. ರಸ್ತೆ ದಾಟಲಿಲ್ಲ. ಹೃದಯ ಸೋತಿದೆ, ಜೋಪಾನವಾಗಿದ್ದರೆ ಕೆಲವು ಕಾಲ ನಡೆಯುತ್ತದೆ ಎಂದು ಡಾಕ್ಟರ್ ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಇವರ ಬಾಯಲ್ಲಿ ಮತ್ತೆ ಅದೇ ಮಾತು, ಆಕೀಗೆ ಒಂದು ಮಾತು ಮುಟ್ಟಿಸಬೇಕು.

ಮುಟ್ಟಿಸುವ ಮೊದಲು ಅವರೇ ಬಂದರು. ನಾನು ಬಾಗಿಲು ತೆರೆದಾಗ ಅಕ್ಕ ಮೆಟ್ಟಿಲ ಕೆಳಗೇ ನಿಂತಿದ್ದರು. ಹೇಗಿದ್ದಾನೆ ಎಂದರು. ಪರವಾಗಿಲ್ಲ ಎಂದೆ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಕೆಳಗಿನ ನಲ್ಲಿಯನ್ನು ನೋಡುತ್ತ ನಿಂತರು. ಆಮೇಲೆ, ಒಂದು ಕೇಳುವುದಿದೆ, ಕೇಳದೆ ಬಹಳ ದಿನ ತಡೆದೆ ಎಂದರು.

"ಅವತ್ತು ನೀವಿಬ್ಬರೂ ಒಂದು ಮಾತೂ ಆಡದೆ ಎದ್ದು ಹೋದಿರಿ. ನೀನು ಸ್ವೆಟರ್ ಬಿಟ್ಟು ಹೋದೆ ಅಂತ ನಾನು ಹಿಂದೆಯೇ ಬಂದೆ. ನೀವು ಇಲ್ಲಿ ನಿಂತು ಕಾಲು ತೊಳೀತಿದ್ದಿರಿ. ಕೊಳೆ ಇದ್ದದ್ದು ಯಾವುದು, ನನ್ನ ಮನೆಯೋ, ನನ್ನ ಮಗನೋ?"

ಇಷ್ಟು ತಿಂಗಳು ಇಬ್ಬರೂ ಹುಡುಕುತ್ತಿದ್ದ ಕಾರಣ ನಮ್ಮ ಕಾಲ ಬುಡದಲ್ಲೇ ಇತ್ತು. ಇವರಂತೂ ಯುದ್ಧದ ಮೇಲೆ ಹಾಕಿ ಕೂತಿದ್ದರು. ನನಗೆ ಬರುವ ಇಂಗ್ಲಿಷಿನಲ್ಲಿ, ತಪ್ಪೋ ಒಪ್ಪೋ, ಹೇಳತೊಡಗಿದೆ. ಸಾವಿನ ಮನೆಯಿಂದ ನಾವು ಹೇಳದೆ ಬರುತ್ತೇವೆ, ಇಂಥದ್ದಕ್ಕೆ ಇನ್ನೊಮ್ಮೆ ಬರುವಂತಾಗಬಾರದು ಎಂದು. ತೊಳೆಯುವುದು ಸಾವನ್ನು, ಸತ್ತವನನ್ನಲ್ಲ. ನನ್ನ ಅಪ್ಪ ಸತ್ತಾಗಲೂ ಬಂದವರೆಲ್ಲ ಹೀಗೇ ಹೋದರು, ಹೀಗೇ ತೊಳೆದರು. ಕೆಲವು ಶಬ್ದ ಸಿಗದೆ ಕೈಯಲ್ಲಿ ತೋರಿಸಿದೆ. ಕಸದ ಡಬ್ಬಿಯ ದಿನ ಅವರು ನನಗೆ ತೋರಿಸಿದ ಹಾಗೆ.

ಅಕ್ಕ ಮತ್ತೊಮ್ಮೆ ನಲ್ಲಿಯ ಕಡೆ ನೋಡಿದರು.

"ಸೈನ್ಯದವರು ಬಂದಿದ್ದರಲ್ಲ," ಎಂದರು ಕಡೆಗೆ. "ಅವರು ಹೋಗುವಾಗ ಬಹಳ ಚೆನ್ನಾಗಿ ಹೇಳಿ ಹೋದರು. ಕೈ ಕುಲುಕಿದರು. ಏನು ಬೇಕಾದರೂ ಕರೆಯಿರಿ ಅಂದರು."

ಅಷ್ಟು ಹೇಳಿ ಮೆಟ್ಟಿಲು ಹತ್ತಿ ಒಳಗೆ ಬಂದರು. ಇವರು ಸೋಫಾದಲ್ಲಿ ಮಲಗಿದ್ದರು. ಆ ಹುಡುಗ ಒಂದು ಕಡೆ ಹಿಡಿದು ಒಳಗೆ ತಂದ ಸೋಫಾ. ಇವರು ಎದ್ದು ಕೂತು ತಮ್ಮ ಅಣ್ಣನ ವಿಷಯ ಹೇಳಿದರು. ಗಿರಣಿಗೆ ಹೋಗದ ತಾಯಿಯ ವಿಷಯವನ್ನೂ ಹೇಳಿದರು. ಯುದ್ಧದ ಬಗ್ಗೆ ತಮ್ಮ ಅಭಿಪ್ರಾಯ ಬದಲಾಗಿಲ್ಲ, ಆದರೆ ನಿಮ್ಮ ಹುಡುಗನ ಹೆಸರನ್ನು ನಿಮ್ಮನ್ನು ಕೇಳದೆ ಓದಲು ನನ್ನಿಂದಾಗಲಿಲ್ಲ ಎಂದರು. ನಾನು ದೇವರ ಗೂಡಿನಿಂದ ಚೀಟಿ ತಂದು ಕೊಟ್ಟೆ. ಒಗೆಯುವ ನೀರಿಗೆ ಬಿದ್ದು ಅಕ್ಷರ ಮಾಸಿತ್ತು. ಅಕ್ಕ ಅದನ್ನು ನೋಡಿ, ಮಡಚಿ, ಹಿಂದಕ್ಕೆ ಕೊಟ್ಟರು. ಅಲ್ಲೇ ಇರಲಿ ಎಂದರು.

ವಸಂತದಲ್ಲಿ ಮೂವರೂ ಕಾರಿನಲ್ಲಿ ಹ್ಯೂಸ್ಟನ್‌ಗೆ ಹೋದೆವು. ಅಕ್ಕನೇ ಡ್ರೈವ್ ಮಾಡಿದರು. ಇವರಿಗೆ ಮುಂದಿನ ಸೀಟು. ಬಸ್ಸು ಓಡಿಸುವ ಅಭ್ಯಾಸದಿಂದ ಪ್ರತಿ ರೈಲು ಹಳಿಯ ಮುಂದೆಯೂ ಅವರು ಪೂರ್ತಿ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕಡೆ ಕಿವಿಗೊಟ್ಟು ಮುಂದೆ ಹೋಗುವರು. ಹಿಂದಿನವರು ಹಾರ್ನ್ ಹೊಡೆದಾಗ, ಇದು ಯಾವ ಅರ್ಥದ ಹಾರ್ನೋ ಎಂದು ಇವರು ಕೇಳಿದರು. ಅಕ್ಕ ನಕ್ಕರು. ಆ ದಿನಗಳಲ್ಲಿ ಹೊಡೆದದ್ದು ಯಾವ ಅರ್ಥದಲ್ಲೆಂದು ನನಗೇ ಗೊತ್ತಿರಲಿಲ್ಲ ಎಂದರು.

ಸ್ಮಶಾನದಲ್ಲಿ ಒಂದೇ ಥರದ ಬಿಳಿ ಕಲ್ಲುಗಳು, ಕಣ್ಣು ಹಾಯುವ ತನಕ. ಅಕ್ಕ ಹುಡುಕದೆ ನೇರ ನಡೆದರು. ಇವರು ಬೂಟು ಬಿಚ್ಚಿ ನಿಂತರು. ನಾನು ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಹೋಗಿದ್ದೆ, ಇಡುವುದು ಅಲ್ಲಿ ನಡೆಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅಕ್ಕ ಡಬ್ಬಿ ತೆಗೆದು ಒಂದು ತುಂಡು ಕಲ್ಲಿನ ಬುಡದಲ್ಲಿಟ್ಟು, ಒಂದನ್ನು ತಾವೇ ತಿಂದರು. ಖಾರಕ್ಕೆ ಕೆಮ್ಮಿದರು. ಹೊರಡುವಾಗ ನನ್ನ ಕಡೆ ತಿರುಗಿ, ಇಲ್ಲಿಂದಲೂ ಹೇಳದೆ ಹೋಗಬೇಕೇ ಎಂದು ಕೇಳಿದರು. ನಾನು ಇವರ ಮುಖ ನೋಡಿದೆ. ಇಲ್ಲಿ ಹೇಳಬಹುದು, ಇಲ್ಲಿಗೆ ನೀವು ಬರುತ್ತಲೇ ಇರುತ್ತೀರಲ್ಲ ಎಂದರು ಇವರು. ಅಕ್ಕ ಕಲ್ಲಿನ ಮೇಲೆ ಕೈಯಿಟ್ಟು ಮಗನಿಗೆ ಏನೋ ಹೇಳಿದರು. ನಾವು ಮುಂದೆ ನಡೆದೆವು.

ಅದಾದ ಮೇಲೆ ಒಂದು ಶುಕ್ರವಾರ ಅಕ್ಕ ಮಡಚುವ ಕುರ್ಚಿ ತೆಗೆದುಕೊಂಡು ಸಿಗ್ನಲ್ ಬಳಿ ಬಂದರು. ಮೊಣಕಾಲು ನೋವಿಗೆ ಅವರಿಗೆ ನಿಲ್ಲಲಾಗುವುದಿಲ್ಲ. ಹೆಸರು ಓದುವಾಗ ತಮ್ಮ ಮಗನ ಹೆಸರನ್ನು ತಾವೇ ಹೇಳಿದರು. ಅಂದು ನಾನೂ ಹೋಗಿದ್ದೆ. ಕಾರಿನಿಂದ ಒಬ್ಬ ಹುಡುಗ ಏನೋ ಕೆಟ್ಟದಾಗಿ ಕೂಗಿದ. ಅಕ್ಕ ಕುರ್ಚಿಯಿಂದ ಏಳದೆ, ಶಾಲೆಯ ಬಸ್ಸಿನಲ್ಲಿ ಗಲಾಟೆಯ ಮಕ್ಕಳಿಗೆ ಹೇಳುವ ದನಿಯಲ್ಲಿ, ಸುಮ್ಮನೆ ಕೂತು ಬೆಲ್ಟು ಹಾಕಿಕೋ ಎಂದರು. ಅವನ ಸಿಗ್ನಲ್ ಹಸಿರಾದರೂ ಅವನು ಕೂಡಲೇ ಹೋಗಲಿಲ್ಲ. ಟೀವಿಯವರಿಗೆ ಮಾತಾಡಿ ಎಂದು ಅಲ್ಲಿದ್ದವರು ಕೇಳಿದಾಗ ಅಕ್ಕ ಒಪ್ಪಲಿಲ್ಲ. ಕಾರಿನ ಹಳದಿ ರಿಬ್ಬನ್ನನ್ನೂ ತೆಗೆಯಲಿಲ್ಲ. ಮತ್ತೆ ಬಂದರೋ ಎಂದರೆ, ಯಾವಾಗಲಾದರೊಮ್ಮೆ ಬಂದರು. ಮನಸ್ಸಾದಾಗ.

ನಮ್ಮವರು ಹೋದದ್ದು ಮುಂದಿನ ಚಳಿಗಾಲ. ಅದನ್ನು ಬರೆಯಲು ನನಗೆ ಆಗುವುದಿಲ್ಲ. ಕುರ್ಚಿಯಲ್ಲಿ ಕೂತಿದ್ದರು, ಅಷ್ಟೆ. ಯುದ್ಧ ಇನ್ನೂ ನಡೆದಿತ್ತು. ಗ್ರೀನ್ ಕಾರ್ಡ್ ಆ ಬೇಸಿಗೆಯಲ್ಲೇ ಬಂದಿತ್ತು. ಅದರ ಫೋಟೋಕ್ಕೂ ತಲೆ ಬಾಚಿಕೊಂಡೇ ಹೋಗಿದ್ದರು.

ಎಲ್ಲ ಮುಗಿದ ಮೇಲೆ ನಮ್ಮ ಕನ್ನಡದವರು ಬಂದರು. ಮೇಜು ಬದಲಿಸಿದ ಆ ಅಂಕಲ್ ಕೂಡ ಬಂದು, ನಿಮ್ಮೆಜಮಾನ್ರಿಗೆ ಧೈರ್ಯ ಇತ್ತಮ್ಮ, ನಮಗಿರ್ಲಿಲ್ಲ ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಎಲ್ಲರೂ ಒಳ್ಳೆಯವರು. ಅನ್ನ ಮಾಡಿ ತಂದರು, ಪಾತ್ರೆ ತೊಳೆದಿಟ್ಟರು. ಆದರೆ ಹೋಗುವಾಗ ಬಾಗಿಲಲ್ಲಿ, ಬರ್ತೀವಮ್ಮ ಎಂದರು. ಚಿಕ್ಕವರು ಬೈ ಆಂಟಿ, ಟೇಕ್ ಕೇರ್ ಎಂದರು. ಅಭ್ಯಾಸದ ಬಾಯಿ, ಯಾರಿಗೂ ನೆನಪಾಗಲಿಲ್ಲ. ನನಗೂ ಅದರ ಮೇಲೆ ಸಿಟ್ಟಿರಲಿಲ್ಲ. ಮಗಳು ಮಾತ್ರ ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದಳು.

ಅಕ್ಕ ಬಂದದ್ದು ಸಂಜೆ, ಜನ ಕಡಿಮೆಯಾದ ಮೇಲೆ. ಕುರ್ಚಿ ಸರಿಸಿಕೊಟ್ಟೆ. ಅವರು ಕುರ್ಚಿ ಬಿಟ್ಟು, ಸೋಫಾದ ತೋಳು ಹಿಡಿದು, ನೋವಿನ ಮೊಣಕಾಲು ಮಡಚಲಾರದೆ ಮಡಚಿ, ನನ್ನೆದುರು ನೆಲದ ಮೇಲೆ ಕೂತರು. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಕೂತು, ಮಗಳ ಕೈ ಆಸರೆ ಹಿಡಿದು ಎದ್ದರು. ಬಾಗಿಲ ತನಕ ಹೋದರು. ಅಲ್ಲಿ ಒಂದು ಕ್ಷಣ ನಿಂತರು. ಅವರ ದೇಶದಲ್ಲಿ ಅಲ್ಲಿ ಏನಾದರೂ ಹೇಳಲೇಬೇಕು. ಬೆನ್ನು ನನ್ನ ಕಡೆಗಿತ್ತು, ಭುಜ ಮೇಲಕ್ಕೇರಿ ಇಳಿದದ್ದು ಕಂಡಿತು. ಏನೂ ಹೇಳಲಿಲ್ಲ. ತಿರುಗಿಯೂ ನೋಡಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಅಡಿಗೆಮನೆಯ ಕಿಟಕಿಗೆ ಬಂದು ನಿಂತೆ. ಅಕ್ಕ ರಸ್ತೆ ದಾಟಿ ತಮ್ಮ ಅಂಗಳದ ನಲ್ಲಿಯ ಹತ್ತಿರ ಹೋದರು. ಚಳಿಗೆಂದು ಅದಕ್ಕೂ ಟವೆಲ್ ಸುತ್ತಿತ್ತು. ಇವರೇ ಕಟ್ಟಿಕೊಟ್ಟಿದ್ದ ಗಂಟು, ಬಿಚ್ಚಲು ಹೊತ್ತಾಯಿತು. ಗೋಡೆಗೆ ಒರಗಿ ಬೂಟು ತೆಗೆದರು. ಕಾಲುಚೀಲ ತೆಗೆದು ಬೂಟಿನೊಳಗೆ ಹಾಕಿದರು. ನೀರು ಕೊರೆಯುತ್ತಿರಬೇಕು. ಒಂದು ಕಾಲು, ಆಮೇಲೆ ಇನ್ನೊಂದು. ಕೈ. ಮುಖ. ಆಮೇಲೆ ನಲ್ಲಿ ನಿಲ್ಲಿಸಿ, ಟವೆಲನ್ನು ಮತ್ತೆ ಸುತ್ತಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಬರಿಗಾಲಲ್ಲಿ ಒಳಗೆ ಹೋದರು.

ಮಗಳು ಹಿಂದೆ ಬಂದು ನಿಂತಿದ್ದಳು. ಅವಳೂ ನೋಡಿದಳು.

ಇವತ್ತು ಬೆಳಿಗ್ಗೆ ನಾನು ನಮ್ಮ ನಲ್ಲಿಗೆ ಎರಡನೆಯ ಸಲ ಟವೆಲ್ ಕಟ್ಟುತ್ತಿದ್ದಾಗ ಅಕ್ಕ ತಮ್ಮ ಬಾಗಿಲಿಂದ ನೋಡಿ ಬಂದರು. ಹಗ್ಗ ನನ್ನ ಕೈಯಿಂದ ತೆಗೆದುಕೊಂಡು, ಇವರು ಹಾಕುತ್ತಿದ್ದಂಥದೇ ಗಂಟು ಹಾಕಿ ತೋರಿಸಿದರು. ನಾನು ಬಿಚ್ಚಿ ಒಮ್ಮೆ ಹಾಕಿದೆ. ಹೋಗುವಾಗ ಅವರು ಬೈ ಎಂದು ಜೋರಾಗಿ ಹೇಳಿ, ನಾಳೆ ಬರುತ್ತೇನೆ ಎಂದರು. ಬನ್ನಿ ಎಂದೆ.